ಕಸಾಯಿಖಾನೆಯ ವೇಗ: ಯಂತ್ರದ ಲೆಕ್ಕ ಇದೆ, ಕೈಯ ಲೆಕ್ಕ ಎಲ್ಲಿ?

2025ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಎರಡು ಅಧ್ಯಯನ ವರದಿಗಳನ್ನು ಹೊರಗೆ ತಂದಿತು. ಒಂದು ಕೋಳಿ ಕಾರ್ಖಾನೆಗಳ ಬಗ್ಗೆ, ಇನ್ನೊಂದು ಹಂದಿ ಕಾರ್ಖಾನೆಗಳ ಬಗ್ಗೆ. ಪ್ರಶ್ನೆ ಒಂದೇ: ಲೈನಿನ, ಅಂದರೆ ಪ್ರಾಣಿಗಳು ಕೊಕ್ಕೆಗೆ ನೇತಾಡುತ್ತಾ ಸಾಗುವ ಸಾಲಿನ, ವೇಗ ಹೆಚ್ಚಿಸಿದರೆ ಅಲ್ಲಿ ಕೆಲಸ ಮಾಡುವವರಿಗೆ ಏನಾಗುತ್ತದೆ?

ಕೋಳಿ ಕಾರ್ಖಾನೆಗಳಲ್ಲಿ ಪರೀಕ್ಷೆಗೆ ಒಳಪಟ್ಟವರಲ್ಲಿ ಶೇ. 81 ಮಂದಿಯ ಕೆಲಸ ಕೈ, ಮಣಿಕಟ್ಟು, ಭುಜಗಳನ್ನು ಹಾಳುಮಾಡುವಷ್ಟು ಅಪಾಯದ ಮಟ್ಟದಲ್ಲಿತ್ತು. ಹಂದಿ ಕಾರ್ಖಾನೆಗಳಲ್ಲಿ ಈ ಪ್ರಮಾಣ ಶೇ. 46. ಎರಡೂ ಕಡೆ ಹತ್ತರಲ್ಲಿ ನಾಲ್ಕು ಜನ, ಹಿಂದಿನ ಒಂದು ವರ್ಷದಲ್ಲಿ ಕೆಲಸದಿಂದಲೇ ಸಾಕಷ್ಟು ನೋವು ಅನುಭವಿಸಿದ್ದೇವೆ ಎಂದಿದ್ದರು. ಇಷ್ಟನ್ನು ಓದಿದವರು ವೇಗ ಇಳಿಸುತ್ತಾರೆ ಅಂತಲೇ ಅಂದುಕೊಳ್ಳುತ್ತಾರೆ, ಅಲ್ವಾ?

ಆದದ್ದು ಉಲ್ಟಾ. ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಅದೇ ಇಲಾಖೆ, ಮಿತಿಗಿಂತ ವೇಗವಾಗಿ ಲೈನ್ ಓಡಿಸಲು ಕೆಲವು ಕಾರ್ಖಾನೆಗಳಿಗೆ ಕೊಟ್ಟಿದ್ದ ವಿನಾಯಿತಿಗಳನ್ನು ಮುಂದುವರಿಸಿತು. ಹೆಚ್ಚಿನ ವೇಗವನ್ನೇ ಕಾಯಂ ನಿಯಮ ಮಾಡುತ್ತೇವೆ ಎಂದಿತು. ಕಾರ್ಮಿಕರ ಸುರಕ್ಷತೆಯ ಮಾಹಿತಿಯನ್ನು ಕಾರ್ಖಾನೆಗಳು ಇನ್ನು ಮುಂದೆ ಇಲಾಖೆಗೆ ಕೊಡಬೇಕಿಲ್ಲ ಎಂದೂ ಹೇಳಿತು. ಇದಕ್ಕೆ ಕೊಟ್ಟ ಕಾರಣ: ವೇಗಕ್ಕೂ ಗಾಯಕ್ಕೂ ನೇರ ಸಂಬಂಧವಿಲ್ಲ ಎಂದು ಸಂಶೋಧನೆ ತೋರಿಸಿದೆ.

ಅದೇ ವರದಿಗಳನ್ನು ಹಿಡಿದುಕೊಂಡು ಕಾರ್ಮಿಕ ಸಂಘಗಳು, ನಾವು ಇಷ್ಟು ವರ್ಷ ಹೇಳುತ್ತಿದ್ದದ್ದು ನಿಜವಾಯಿತು ಎಂದವು. ಇಬ್ಬರಲ್ಲಿ ಯಾರೂ ವರದಿಯನ್ನು ತಿದ್ದಿಲ್ಲ. ಗೊಂದಲ ಬೇರೆ ಕಡೆ ಇದೆ.

ವೇಗದ ಮಿತಿ ಹುಟ್ಟಿದ್ದು ಯಾರಿಗಾಗಿ

ದೊಡ್ಡ ಕಸಾಯಿಖಾನೆಯಲ್ಲಿ ಪ್ರಾಣಿ ತಲೆಕೆಳಗಾಗಿ ಕೊಕ್ಕೆಗೆ ನೇತಾಡುತ್ತಾ ಸಾಗುತ್ತದೆ. ಜನ ನಿಂತಲ್ಲೇ ನಿಂತಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ಬರು ರೆಕ್ಕೆ ಕತ್ತರಿಸಿದರೆ ಇನ್ನೊಬ್ಬರು ಎದೆಯ ಮಾಂಸ ಬಿಡಿಸುತ್ತಾರೆ, ಮತ್ತೊಬ್ಬರು ಕೊಬ್ಬು ತೆಗೆಯುತ್ತಾರೆ. ಈ ಸಾಲು ಎಷ್ಟು ಬೇಗ ಓಡುತ್ತದೆ ಎನ್ನುವುದೇ ಲೈನ್ ಸ್ಪೀಡ್.

ಅಮೆರಿಕದಲ್ಲಿ 2014ರಲ್ಲಿ ಬಂದ ಹೊಸ ತಪಾಸಣಾ ಪದ್ಧತಿಯ ಪ್ರಕಾರ ಕೋಳಿಗೆ ನಿಮಿಷಕ್ಕೆ 140ರ ಮಿತಿ ಇದೆ. ವಿನಾಯಿತಿ ಪಡೆದ ಕಾರ್ಖಾನೆಗಳಲ್ಲಿ 175. ಹಂದಿಗೆ ಗಂಟೆಗೆ 1,106, ಅಂದರೆ ಹೆಚ್ಚುಕಡಿಮೆ ಮೂರು ಸೆಕೆಂಡಿಗೆ ಒಂದು.

ಈ ಸಂಖ್ಯೆಗಳು ಕೆಲಸಗಾರರ ಕೈಯನ್ನು ನೋಡಿ ಇಟ್ಟದ್ದಲ್ಲ. ಸರ್ಕಾರದ ಇನ್‌ಸ್ಪೆಕ್ಟರ್ ಲೈನಿನ ಪಕ್ಕ ನಿಂತು ಪ್ರತಿ ಪ್ರಾಣಿಯ ದೇಹದಲ್ಲಿ ರೋಗ ಇದೆಯೇ, ಹೊಲಸು ತಾಗಿದೆಯೇ ಎಂದು ನೋಡಬೇಕು. ಆತನ ಕಣ್ಣಿಗೆ ಎಷ್ಟು ಸಾಧ್ಯವೋ ಅದರ ಮೇಲೆ ಮಿತಿ ಬಂತು. ಇದರ ಬೇರು 1906ರ ಮಾಂಸ ತಪಾಸಣಾ ಕಾನೂನಿನಲ್ಲಿದೆ. ಆ ಕಾಲದಲ್ಲಿ ಕಸಾಯಿಖಾನೆಯ ಸ್ಥಿತಿ ಹೊರಬಿದ್ದಾಗ ಜನ ಗಾಬರಿಯಾದದ್ದು ತಮ್ಮ ತಟ್ಟೆಯ ಮಾಂಸದ ಬಗ್ಗೆ. ಕಾನೂನು ಬಂದದ್ದೂ ಮಾಂಸಕ್ಕೇ. ಅದನ್ನು ಕತ್ತರಿಸುತ್ತಿದ್ದವರು ಅದರಲ್ಲಿ ಸೇರಲಿಲ್ಲ.

ಇವತ್ತಿಗೂ ಆ ಹಂಚಿಕೆ ಹಾಗೇ ಉಳಿದಿದೆ. ಲೈನಿನ ವೇಗ ಕೃಷಿ ಇಲಾಖೆಯ ಕೈಯಲ್ಲಿದೆ, ಆದರೆ ಕಾರ್ಮಿಕರ ಸುರಕ್ಷತೆ ತನ್ನ ವ್ಯಾಪ್ತಿಯಲ್ಲ ಎಂದು ಅದು ಹೇಳುತ್ತದೆ. ಸುರಕ್ಷತೆ ಕಾರ್ಮಿಕ ಇಲಾಖೆಯ ಜವಾಬ್ದಾರಿ, ಆದರೆ ವೇಗಕ್ಕೆ ಮಿತಿ ಹಾಕುವ ನಿಯಮ ಅದರ ಬಳಿ ಇಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಆಗುವ ಹಾನಿ ತಡೆಯಲು ಕಾರ್ಮಿಕ ಇಲಾಖೆ 2000ದ ನವೆಂಬರ್‌ನಲ್ಲಿ ಬಹುತೇಕ ಉದ್ಯಮಗಳಿಗೆ ಒಂದು ನಿಯಮ ತಂದಿತ್ತು. 2001ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು. ಆಮೇಲೆ ಅದರ ಜಾಗಕ್ಕೆ ಬೇರೆ ಬಂದಿಲ್ಲ.

2019ರಲ್ಲಿ ಕೃಷಿ ಇಲಾಖೆ ಹಂದಿ ಲೈನಿನ ಮಿತಿಯನ್ನೇ ತೆಗೆದಾಗ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. ಮಿನೆಸೋಟದ ಫೆಡರಲ್ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ನಿಯಮದ ಆ ಭಾಗವನ್ನು ರದ್ದು ಮಾಡಿತು. ಕಾರ್ಮಿಕರ ಸುರಕ್ಷತೆಯ ಆಕ್ಷೇಪ ಕಣ್ಣೆದುರೇ ಇದ್ದರೂ ಇಲಾಖೆ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ ಎನ್ನುವುದು ಮುಖ್ಯ ಕಾರಣ. ಆಮೇಲೆ ಕೆಲವು ಕಾರ್ಖಾನೆಗಳಿಗೆ ಪ್ರಯೋಗದ ಮೇಲೆ ಅನುಮತಿ ಸಿಕ್ಕಿತು. ಕಾರ್ಮಿಕರ ಮಾಹಿತಿ ಕೊಡಬೇಕು ಎನ್ನುವ ಷರತ್ತು ಬಂದದ್ದು ಆಗಲೇ. 2025ರಲ್ಲಿ ಹೋದದ್ದು ಇದೇ ಷರತ್ತು.

ಒಂದೇ ವರದಿ, ಎರಡು ತೀರ್ಪು

ಕೋಳಿ ಕಾರ್ಖಾನೆಯಲ್ಲಿ ಸರ್ಕಾರದ ಮಿತಿ ಇರುವುದು ಕರುಳು ತೆಗೆಯುವ ಲೈನಿಗೆ ಮಾತ್ರ. ಆ ಭಾಗದಲ್ಲಿ ಈಗ ಬಹಳಷ್ಟು ಕೆಲಸ ಯಂತ್ರದ್ದು. ಅಲ್ಲಿ ವೇಗ ಹೆಚ್ಚಿದರೆ ಯಂತ್ರ ಬೇಗ ತಿರುಗುತ್ತದೆ, ಅಷ್ಟೇ. ಜನ ಜಾಸ್ತಿ ಇರುವುದು ಅದರ ಮುಂದಿನ ಹಾಲ್‌ನಲ್ಲಿ, ಮೂಳೆ ಬಿಡಿಸುವ ಮತ್ತು ತುಂಡು ಮಾಡುವ ಕಡೆ. ಅಲ್ಲಿಗೆ ಸರ್ಕಾರದ ವೇಗದ ಮಿತಿಯೇ ಇಲ್ಲ.

ಸಂಶೋಧಕರು ಎರಡನ್ನೂ ಬೇರೆ ಬೇರೆ ಅಳೆದರು. ಕರುಳು ತೆಗೆಯುವ ಲೈನಿನ ವೇಗಕ್ಕೂ ಅಪಾಯಕ್ಕೂ ನೇರ ನಂಟು ಕಾಣಲಿಲ್ಲ. ಒಬ್ಬರ ಕೈಗೆ ನಿಮಿಷಕ್ಕೆ ಎಷ್ಟು ತುಂಡು ಬರುತ್ತದೆ ಎನ್ನುವುದಕ್ಕೂ ಅಪಾಯಕ್ಕೂ ನಂಟು ಚೆನ್ನಾಗಿಯೇ ಕಂಡಿತು. ಉದ್ಯಮ ಮೊದಲ ವಾಕ್ಯವನ್ನು ಎತ್ತಿಕೊಂಡಿತು, ಸಂಘಗಳು ಎರಡನೆಯದನ್ನು.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 140 ಕೋಳಿ ಬರುತ್ತವೆ, ಒಂದು ಕೆಲಸಕ್ಕೆ ನಾಲ್ವರು ನಿಂತಿದ್ದಾರೆ ಎಂದುಕೊಳ್ಳೋಣ. ತಲಾ 35. ವೇಗ 175ಕ್ಕೆ ಏರಿತು, ಐದನೆಯವರನ್ನು ನಿಲ್ಲಿಸಿದರು. ಆಗಲೂ ತಲಾ 35. ಉದ್ಯಮದ ವಾದ ಇದೇ: ಜನರನ್ನು ಸೇರಿಸಿದರೆ ವೇಗದಿಂದ ತೊಂದರೆ ಇಲ್ಲ. ವಾದ ಸರಿಯಾಗಿಯೇ ಇದೆ. ಆದರೆ ಐದನೆಯವರನ್ನು ಸೇರಿಸದಿದ್ದರೆ ತಲಾ 44 ಹತ್ತಿರ ಆಗುತ್ತದೆ. ನಾಲ್ವರಲ್ಲಿ ಒಬ್ಬರು ಆ ದಿನ ಬರದಿದ್ದರೆ 58. ಎರಡು ಪಾಳಿಗಳ ನಡುವೆ ಜನ ಬಿಟ್ಟು ಹೋಗುವುದು ಮಾಮೂಲಾಗಿರುವ ಉದ್ಯಮ ಇದು. ಬರದವರ ಪಾಲು ಪಕ್ಕದವರ ಕೈಗೆ ಬೀಳುತ್ತದೆ. ಇಂತಿಷ್ಟು ವೇಗಕ್ಕೆ ಇಂತಿಷ್ಟು ಜನ ಇರಲೇಬೇಕು ಎನ್ನುವ ಕಾನೂನು ಇಲ್ಲ.

ಹಾಗಾಗಿ ವೇಗ ಎಷ್ಟಿರಬೇಕು ಎಂಬ ಜಗಳದಲ್ಲಿ ಇಬ್ಬರೂ ತಪ್ಪು ಸಂಖ್ಯೆಯ ಮೇಲೆ ಹೊಡೆದಾಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಬೇಕಾದದ್ದು ತಲಾ ಲೆಕ್ಕ. ಅದನ್ನು ಕಡ್ಡಾಯವಾಗಿ ಬರೆದಿಡುವವರು ಯಾರೂ ಇಲ್ಲ. ಸಂಘಗಳು ಮಾತ್ರ ಲೈನಿನ ಮಿತಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುವುದಕ್ಕೆ ಕಾರಣ ಇದೆ: ಕೈಗೆ ಸಿಗುವ ಬ್ರೇಕ್ ಅದೊಂದೇ.

ಕೈಯೊಳಗೆ ಏನಾಗುತ್ತದೆ

ಮೂಳೆ ಬಿಡಿಸುವವರನ್ನು ಹತ್ತಿರದಿಂದ ನೋಡಿದರೆ ಅಪಾಯ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. ಎಡಗೈಗೆ ಸ್ಟೀಲ್ ಬಲೆಯ ಗ್ಲೌಸ್. ಅದರಲ್ಲಿ ತಣ್ಣನೆಯ, ಜಾರುವ ಮಾಂಸ. ಬಲಗೈಯಲ್ಲಿ ಚಾಕು. ಬ್ಯಾಕ್ಟೀರಿಯಾ ಬೆಳೆಯಬಾರದು ಎಂದು ಆ ಕೋಣೆಯನ್ನು ತಣ್ಣಗೆ ಇಟ್ಟಿರುತ್ತಾರೆ. ಮಾಂಸಕ್ಕೆ ಅದು ಒಳ್ಳೆಯದು. ಬೆರಳಿಗೆ ಅಲ್ಲ. ತಣ್ಣಗಾದ ಬೆರಳಿಗೆ ಸ್ಪರ್ಶ ಮಂಕಾಗುತ್ತದೆ, ಆಗ ಹಿಡಿತ ತಾನಾಗಿಯೇ ಬಿಗಿಯಾಗುತ್ತದೆ.

ಚಾಕು ಮೂಳೆಗೆ ತಾಗಿ ತಾಗಿ ಮೊಂಡಾಗುತ್ತದೆ. ಮೊಂಡು ಚಾಕಿಗೆ ಬಲ ಜಾಸ್ತಿ ಬೇಕು. ಎರಡು ಸಲ ಮಸೆದರೆ ಸರಿಹೋಗುತ್ತದೆ, ಆದರೆ ಅಷ್ಟರಲ್ಲಿ ಮೂರು ನಾಲ್ಕು ತುಂಡು ಮುಂದೆ ಹೋಗಿರುತ್ತದೆ. ಹಾಗಾಗಿ ಮೊಂಡು ಚಾಕಿನಲ್ಲೇ ಕೆಲಸ ಮುಂದುವರಿಯುತ್ತದೆ. ಬಿಗಿ ಹಿಡಿತ, ಬಗ್ಗಿದ ಮಣಿಕಟ್ಟು, ಹೆಚ್ಚಿನ ಬಲ, ಬಿಡುವಿಲ್ಲದ ಪುನರಾವರ್ತನೆ. ಈ ನಾಲ್ಕೂ ಸೇರಿದಾಗ ಮಣಿಕಟ್ಟಿನ ಒಳಗಿನ ಸ್ನಾಯುರಜ್ಜುಗಳು ಊದಿಕೊಂಡು ಮಧ್ಯದ ನರವನ್ನು ಒತ್ತುತ್ತವೆ. ಬೆರಳು ಜೋಮು ಹಿಡಿಯುತ್ತದೆ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ವೈದ್ಯರು ಇದನ್ನು ಕಾರ್ಪಲ್ ಟನಲ್ ಎನ್ನುತ್ತಾರೆ. ದಕ್ಷಿಣ ಕೆರೊಲಿನಾದ ಒಂದು ಕೋಳಿ ಕಾರ್ಖಾನೆಯನ್ನು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷಿಸಿ 2014ರಲ್ಲಿ ವರದಿ ಕೊಟ್ಟಾಗ, ಶೇ. 42 ಕೆಲಸಗಾರರಲ್ಲಿ ಇದರ ಪುರಾವೆ ಸಿಕ್ಕಿತ್ತು.

ಶೌಚಕ್ಕೆ ಹೋಗುವುದೂ ಇದೇ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ನಿಂತ ಜಾಗ ಬಿಡಬೇಕಾದರೆ ಬದಲಿಯವರು ಬರಬೇಕು. ಬದಲಿಗೆ ಜನ ಇಲ್ಲದಿದ್ದರೆ ಕಾಯಬೇಕು. ಆಕ್ಸ್‌ಫ್ಯಾಮ್ ಅಮೆರಿಕ 2016ರಲ್ಲಿ ಕೋಳಿ ಕಾರ್ಖಾನೆಗಳ ಬಗ್ಗೆ ಕೊಟ್ಟ ವರದಿಯಲ್ಲಿ, ಕೆಲವರು ಡೈಪರ್ ಹಾಕಿಕೊಂಡು ನಿಲ್ಲುತ್ತಾರೆ ಎಂದಿತ್ತು. ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ.

ಗಾಯ ಕಡಿಮೆಯಾಗಿದೆ ಎನ್ನುವ ಅಂಕಿ

ಉದ್ಯಮದ ಕೈಯಲ್ಲಿ ಇನ್ನೊಂದು ದೊಡ್ಡ ವಾದ ಇದೆ. ದಾಖಲಾದ ಗಾಯಗಳ ಪ್ರಮಾಣ ದಶಕಗಳಿಂದ ಇಳಿಯುತ್ತಾ ಬಂದಿದೆ. ಇದು ಸರ್ಕಾರದ್ದೇ ಅಂಕಿ, ಸುಳ್ಳಲ್ಲ. ಹಾಗಾದರೆ ಶೇ. 81 ಎಲ್ಲಿಂದ ಬಂತು?

ಮೊದಲನೆಯದಾಗಿ, ಎರಡೂ ಬೇರೆ ಬೇರೆ ವಿಷಯ. ಒಂದು ಆದ ಗಾಯದ ಎಣಿಕೆ, ಇನ್ನೊಂದು ಆಗಬಹುದಾದ ಹಾನಿಯ ಅಳತೆ. ಎರಡನೆಯದು, ಎಣಿಕೆಗೆ ಒಂದು ಬಾಗಿಲಿದೆ. ಪ್ರಥಮ ಚಿಕಿತ್ಸೆಯಲ್ಲಿ ಮುಗಿದ ಗಾಯವನ್ನು ಸಾಮಾನ್ಯವಾಗಿ ದಾಖಲೆಗೆ ಬರೆಯಬೇಕಿಲ್ಲ. ದೊಡ್ಡ ಕಾರ್ಖಾನೆಯೊಳಗೇ ಒಂದು ಚಿಕಿತ್ಸಾ ಕೋಣೆ ಇರುತ್ತದೆ. ಕೈ ನೋಯುತ್ತಿದೆ ಎಂದು ಬಂದವರಿಗೆ ಮುಲಾಮು, ಐಸ್, ಒಂದು ನೋವಿನ ಮಾತ್ರೆ ಕೊಟ್ಟು ಲೈನಿಗೆ ವಾಪಸ್ ಕಳಿಸಿದರೆ ಪುಸ್ತಕದಲ್ಲಿ ಏನೂ ಆಗಿಲ್ಲ. ಹೊರಗಿನ ವೈದ್ಯರ ಬಳಿ ಕಳಿಸಿ ಪ್ರಥಮ ಚಿಕಿತ್ಸೆಗಿಂತ ಹೆಚ್ಚಿನ ಚಿಕಿತ್ಸೆ ಕೊಡಿಸಿದರೆ ಅದು ದಾಖಲೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಕೂಡ ಈ ಉದ್ಯಮದಲ್ಲಿ ಗಾಯಗಳು ಪೂರ್ತಿ ಬೆಳಕಿಗೆ ಬರುತ್ತಿಲ್ಲ ಎಂದು ಹೇಳಿದೆ.

ಮೂರನೆಯದು ಹೆದರಿಕೆ. ದೂರು ಕೊಟ್ಟರೆ ಕೆಲಸ ಹೋದೀತು ಎನ್ನುವ ಭಯ ಇರುವಲ್ಲಿ ನೋವು ಮನೆಗೆ ಹೋಗುತ್ತದೆ, ಕಚೇರಿಗೆ ಅಲ್ಲ.

ದೂರು ಕೊಡದವರನ್ನೇ ಹುಡುಕುವ ಕೆಲಸ

ಈ ಕೆಲಸಕ್ಕೆ ಶ್ರೀಮಂತ ದೇಶಗಳಲ್ಲಿ ಹೆಚ್ಚಾಗಿ ಸಿಗುವುದು ವಲಸಿಗರು. ವೀಸಾ, ಬಾಡಿಗೆ ಕೋಣೆ, ಸಂಬಳ ಎಲ್ಲವೂ ಒಂದೇ ಮಾಲೀಕನ ಕೈಯಲ್ಲಿದ್ದರೆ ಬಾಯಿ ಬಿಡುವುದು ಕಷ್ಟ.

ಜರ್ಮನಿಯಲ್ಲಿ ಇದು 2020ರ ಜೂನ್‌ನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ರೇಡಾ-ವೀಡೆನ್‌ಬ್ರೂಕ್ ಎಂಬಲ್ಲಿನ ದೊಡ್ಡ ಹಂದಿ ಕಸಾಯಿಖಾನೆಯಲ್ಲಿ ಒಂದೂವರೆ ಸಾವಿರದಷ್ಟು ಜನರಿಗೆ ಕೋವಿಡ್ ತಗುಲಿತು. ಅಲ್ಲಿ ಕತ್ತರಿಸುತ್ತಿದ್ದವರಲ್ಲಿ ಬಹುತೇಕರು ರೊಮೇನಿಯಾ, ಬಲ್ಗೇರಿಯಾ, ಪೋಲೆಂಡಿನವರು. ಅನೇಕರಿಗೆ ಸಂಬಳ ಕೊಡುತ್ತಿದ್ದದ್ದು ಕಂಪನಿ ಅಲ್ಲ, ಗುತ್ತಿಗೆದಾರ. ಗುತ್ತಿಗೆದಾರನ ಕೆಳಗೆ ಇನ್ನೊಬ್ಬ ಗುತ್ತಿಗೆದಾರ. ಒಂದೇ ಕೋಣೆಯಲ್ಲಿ ಹಲವರು ಮಲಗುತ್ತಿದ್ದರು, ಒಂದೇ ವ್ಯಾನಿನಲ್ಲಿ ಕೆಲಸಕ್ಕೆ ಬರುತ್ತಿದ್ದರು. ಕೋವಿಡ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿರಲಿಲ್ಲ. ಗಂಟೆ ಎಷ್ಟು ದುಡಿದರು, ಯಾರು ಹೊಣೆ ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು.

ಸರ್ಕಾರ ಆ ವರ್ಷದ ಕೊನೆಯಲ್ಲಿ ಕಾನೂನು ತಂದಿತು. 2021ರ ಜನವರಿ 1ರಿಂದ ದೊಡ್ಡ ಕಾರ್ಖಾನೆಗಳಲ್ಲಿ ಕೊಲ್ಲುವ ಮತ್ತು ಕತ್ತರಿಸುವ ಕೆಲಸಕ್ಕೆ ಗುತ್ತಿಗೆ ನಿಷೇಧ, ನೇರ ನೌಕರಿ ಕಡ್ಡಾಯ. ಕೆಲಸದ ಗಂಟೆಗಳನ್ನು ಎಲೆಕ್ಟ್ರಾನಿಕ್ ಆಗಿ ದಾಖಲಿಸಬೇಕು. ಐವತ್ತಕ್ಕಿಂತ ಕಡಿಮೆ ಜನರಿರುವ ಕಟುಕರ ಅಂಗಡಿಗಳಿಗೆ ವಿನಾಯಿತಿ. ಬೇಡ ಎಂದ ಕಂಪನಿಗಳು, ವೆಚ್ಚ ಏರುತ್ತದೆ, ಉದ್ಯಮ ಹೊರದೇಶಕ್ಕೆ ಹೋಗುತ್ತದೆ ಎಂದವು. ಕಾನೂನು ನಿಂತಿತು. ಲೈನ್ ಇದರಿಂದ ನಿಧಾನವಾಗಲಿಲ್ಲ, ಆದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಒಂದು ಹೆಸರು ಸಿಕ್ಕಿತು.

ಅಮೆರಿಕದಲ್ಲಿ ಇದೇ ಗುತ್ತಿಗೆಯ ಇನ್ನೊಂದು ಮುಖ 2023ರ ಫೆಬ್ರವರಿಯಲ್ಲಿ ಕಂಡಿತು. ರಾತ್ರಿ ಪಾಳಿಯಲ್ಲಿ ಕಸಾಯಿಖಾನೆ ತೊಳೆಯುವ ಗುತ್ತಿಗೆ ಪಡೆದಿದ್ದ ಒಂದು ಕಂಪನಿ, ಎಂಟು ರಾಜ್ಯಗಳ 13 ಕಡೆ 13ರಿಂದ 17 ವರ್ಷದ 102 ಮಕ್ಕಳನ್ನು ದುಡಿಸಿಕೊಂಡಿದ್ದಕ್ಕೆ 15 ಲಕ್ಷ ಡಾಲರ್ ದಂಡ ಕಟ್ಟಿತು. ಎಲುಬು ಸೀಳುವ ಗರಗಸ, ಸುಡುವ ರಾಸಾಯನಿಕಗಳ ನಡುವೆ ಮಕ್ಕಳು.

ಗಾಳಿಯಲ್ಲಿ ಬರುವ ರೋಗ

ಚಾಕು ಮತ್ತು ವೇಗದ ಆಚೆಗೂ ಅಪಾಯ ಇದೆ. ಪ್ರಾಣಿಗಳಿಂದ ಬರುವ ಬ್ರುಸೆಲ್ಲೋಸಿಸ್, ಇಲಿಜ್ವರ ಎಂದು ನಾವು ಕರೆಯುವ ಲೆಪ್ಟೋಸ್ಪೈರೋಸಿಸ್, ಕ್ಯೂ ಜ್ವರ ಎಲ್ಲವೂ ಈ ಕೆಲಸದ ಜೊತೆಗೇ ಬರುತ್ತವೆ.

2007ರಲ್ಲಿ ಮಿನೆಸೋಟದ ಆಸ್ಟಿನ್ ಎಂಬ ಪಟ್ಟಣದಲ್ಲಿ ನಡೆದದ್ದು ಇವೆಲ್ಲಕ್ಕಿಂತ ವಿಚಿತ್ರ. ಹಂದಿ ಕಾರ್ಖಾನೆಯ ಕೆಲವರಿಗೆ ಕಾಲಿನ ಶಕ್ತಿ ಹೋಗುತ್ತಿತ್ತು, ಉರಿ, ಜೋಮು ಶುರುವಾಗುತ್ತಿತ್ತು. ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗೂ ವೈದ್ಯರಿಗೂ ನಡುವೆ ಮಾತು ದಾಟಿಸುತ್ತಿದ್ದ ಆಸ್ಪತ್ರೆಯ ದುಭಾಷಿ, ಬೇರೆ ಬೇರೆ ರೋಗಿಗಳು ಒಂದೇ ಕಥೆ ಹೇಳುತ್ತಿದ್ದಾರೆ ಎಂದು ಗಮನಿಸಿದರು. ಕಾರಣ ಹಂದಿಯ ತಲೆ ಬಿಡಿಸುವ ಜಾಗದಲ್ಲಿತ್ತು. ಒತ್ತಡದ ಗಾಳಿ ಹೊಡೆದು ಬುರುಡೆಯಿಂದ ಮೆದುಳನ್ನು ಹೊರಗೆ ತೆಗೆಯುತ್ತಿದ್ದರು. ಸಣ್ಣ ಹನಿಗಳಾಗಿ ಹಾರಿದ ಮೆದುಳಿನ ಅಂಶ ಉಸಿರಿಗೆ ಹೋಗಿ, ದೇಹದ ರೋಗನಿರೋಧಕ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬಿದ್ದಿತ್ತು. ಗಾಳಿ ಹೊಡೆಯುವುದನ್ನು ನಿಲ್ಲಿಸಿದರು. ಇದು ಬಯಲಿಗೆ ಬಂದದ್ದು ಗಾಯದ ದಾಖಲೆಯಿಂದಲ್ಲ ಎನ್ನುವುದನ್ನು ಮರೆಯಬಾರದು.

ಮನಸ್ಸಿನ ಮಾತು

ಕೊಲ್ಲುವ ಕೆಲಸ ಮನಸ್ಸಿಗೆ ಏನು ಮಾಡುತ್ತದೆ ಎನ್ನುವುದರಲ್ಲಿ ಎರಡು ಪಕ್ಷ ಇದೆ. ಒಂದು ಪಕ್ಷದ ಪ್ರಕಾರ ದಿನವಿಡೀ ಕೊಲ್ಲುವುದೇ ಗಾಯ, ಯಾವ ಸುಧಾರಣೆಯೂ ಅದನ್ನು ಮುಚ್ಚುವುದಿಲ್ಲ. ಇನ್ನೊಂದು ಪಕ್ಷ, ಇದೂ ಒಂದು ಕಸುಬು, ಜನ ಒಗ್ಗಿಕೊಳ್ಳುತ್ತಾರೆ, ಹೊರಗಿನವರು ತಮ್ಮ ಅಸಹ್ಯವನ್ನು ಅವರ ಮೇಲೆ ಹಾಕುತ್ತಿದ್ದಾರೆ ಎನ್ನುತ್ತದೆ.

ಪುರಾವೆ ಮೊದಲ ಪಕ್ಷದ ಕಡೆ ವಾಲುತ್ತದೆ, ಆದರೆ ಪೂರ್ತಿ ಅಲ್ಲ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಈ ಕೆಲಸಗಾರರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚು ಎಂದು ಕಂಡುಬಂತು. ದಕ್ಷಿಣ ಆಫ್ರಿಕಾದಲ್ಲಿ ಸಂದರ್ಶನ ಕೊಟ್ಟವರು ಮೊದಲ ಸಲ ಕೊಂದ ದಿನವನ್ನೂ, ಆಮೇಲೆ ಬೀಳುವ ಕನಸುಗಳನ್ನೂ ಹೇಳಿಕೊಂಡರು. 2009ರ ಒಂದು ಅಧ್ಯಯನ, ಕಸಾಯಿಖಾನೆ ಇರುವ ಅಮೆರಿಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಬಂಧನಗಳ ಪ್ರಮಾಣ ಬೇರೆ ಕಾರ್ಖಾನೆಗಳ ಊರಿಗಿಂತ ಹೆಚ್ಚು ಎಂದಿತು. ಇದನ್ನು ಹಿಡಿದು ಕೆಲಸಗಾರರೇ ಹಿಂಸೆಯ ಜನ ಎಂದು ಬರೆಯುವವರಿದ್ದಾರೆ. ಅದು ಅನ್ಯಾಯ. ಆ ಅಂಕಿ ಇಡೀ ಕೌಂಟಿಯದ್ದು, ಅಪರಾಧ ಮಾಡಿದವರು ಯಾರು ಎಂದು ಅದು ಹೇಳುವುದಿಲ್ಲ.

ಅಳತೆಯೂ ಕಷ್ಟ. ತಡೆಯಲಾಗದವರು ಮೊದಲ ವಾರದಲ್ಲೇ ಬಿಟ್ಟು ಹೋಗಿರುತ್ತಾರೆ. ಪ್ರಶ್ನಾವಳಿ ತುಂಬುವವರು ಉಳಿದುಕೊಂಡವರು. ಹಾಗಾಗಿ ಸಿಗುವ ಸಂಖ್ಯೆ ನಿಜಕ್ಕಿಂತ ಕಡಿಮೆ ಇರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ವಿಷಯ. ದೊಡ್ಡ ಕಾರ್ಖಾನೆಯಲ್ಲಿ ಪ್ರಜ್ಞೆ ತಪ್ಪಿಸುವ, ಕತ್ತು ಕೊಯ್ಯುವ ಜಾಗದಲ್ಲಿ ಇರುವವರು ಬೆರಳೆಣಿಕೆಯ ಜನ. ಉಳಿದ ನೂರಾರು ಮಂದಿ ಜೀವಂತ ಪ್ರಾಣಿಯನ್ನು ನೋಡುವುದೇ ಇಲ್ಲ. ಅವರ ಮನಸ್ಸನ್ನು ಹಿಂಡುವುದು ನೋವು, ನಿದ್ದೆಗೇಡು, ಸೂಪರ್‌ವೈಸರ್‌ನ ಬೈಗುಳ, ಊರಿನವರು ಕೊಡುವ ಕೀಳು ನೋಟ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಎರಡೂ ವಾಸಿಯಾಗುವುದಿಲ್ಲ. ಇಂಗ್ಲೆಂಡಿನ ಕಸಾಯಿಖಾನೆಗಳಲ್ಲಿ 2018ರಿಂದ ಸಿಸಿಟಿವಿ ಕಡ್ಡಾಯ. ಪ್ರಾಣಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡಲು. ಒಳ್ಳೆಯದೇ. ಆದರೆ ಆ ಜಾಗದಲ್ಲಿ ಒಬ್ಬರು ದಿನಕ್ಕೆ ಎಷ್ಟು ಗಂಟೆ ನಿಂತರು, ಯಾವಾಗ ಬದಲಾದರು ಎನ್ನುವುದನ್ನು ಆ ಕಾನೂನು ಕೇಳುವುದಿಲ್ಲ.

ಕೈಗೂ ಒಂದು ಸಂಖ್ಯೆ ಕೊಟ್ಟ ದೇಶಗಳು

ಬ್ರೆಜಿಲ್ ಜಗತ್ತಿನ ದೊಡ್ಡ ಮಾಂಸ ರಫ್ತುದಾರ ದೇಶ. ಅಲ್ಲಿ 2013ರಲ್ಲಿ ಮಾಂಸ ಉದ್ಯಮಕ್ಕೆಂದೇ ಎನ್‌ಆರ್-36 ಎಂಬ ನಿಯಮ ಬಂತು. ಪುನರಾವರ್ತನೆಯ ಕೆಲಸ ಮಾಡುವವರಿಗೆ ಊಟದ ಹೊತ್ತು ಬಿಟ್ಟು ಬೇರೆಯೇ ವಿರಾಮ ಕೊಡಬೇಕು. 6 ಗಂಟೆಯ ಪಾಳಿಗೆ 20 ನಿಮಿಷ, 7 ಗಂಟೆ 20 ನಿಮಿಷದ ಪಾಳಿಗೆ 45, 8 ಗಂಟೆ 48 ನಿಮಿಷದ ಪಾಳಿಗೆ 60. ಶೀತಲ ಕೋಣೆಯಲ್ಲಿ ದುಡಿಯುವವರಿಗೆ ಪ್ರತಿ 1 ಗಂಟೆ 40 ನಿಮಿಷಕ್ಕೆ 20 ನಿಮಿಷ ಬಿಡುವು ಅಲ್ಲಿನ ಕಾರ್ಮಿಕ ಕಾನೂನಿನಲ್ಲೇ ಇದೆ. ಜಾರಿ ಎಲ್ಲ ಕಡೆ ಸರಿಯಾಗಿದೆ ಎಂದಲ್ಲ, ಅದಕ್ಕಾಗಿ ಕೋರ್ಟು ಕಚೇರಿ ನಡೆದೇ ಇದೆ. ಆದರೆ ಕೇಳಲು ಒಂದು ಸಂಖ್ಯೆ ಇದೆ. ಗಡಿಯಾರ ನೋಡಿ ಹೇಳಬಹುದು, ಕೊಟ್ಟರೋ ಇಲ್ಲವೋ ಎಂದು.

ಆಸ್ಟ್ರೇಲಿಯಾದ ದಾರಿ ಬೇರೆ. ಕ್ಯೂ ಜ್ವರವನ್ನು ಮೊದಲು ಗುರುತಿಸಿದ್ದೇ 1930ರ ದಶಕದಲ್ಲಿ, ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ. 1989ರಿಂದ ಅಲ್ಲಿ ಇದಕ್ಕೆ ಲಸಿಕೆ ಇದೆ, ಈ ಕೆಲಸಕ್ಕೆ ಸೇರುವವರಿಗೆ ಪರೀಕ್ಷೆ ಮಾಡಿ ಹಾಕುತ್ತಾರೆ.

ಮುಂದೆ ಏನಾಗಬಹುದು

ವೇಗ ಹೆಚ್ಚಿದರೆ ಮೊದಲು ಬದಲಾಗುವುದು ಕರುಳು ತೆಗೆಯುವ ಲೈನ್ ಅಲ್ಲ, ಅದರ ಹಿಂದಿನ ಮತ್ತು ಮುಂದಿನ ಜಾಗ. ಹಿಂದೆ, ಜೀವಂತ ಕೋಳಿಯನ್ನು ಕೊಕ್ಕೆಗೆ ಹಾಕುವವರು. ಮುಂದೆ, ಮೂಳೆ ಬಿಡಿಸುವವರು. ಶೇ. 25 ಹೆಚ್ಚು ಕೋಳಿ ಬಂದರೆ ಅಷ್ಟೇ ಹೆಚ್ಚು ಕೈ ಬೇಕು, ಇಲ್ಲವೇ ಇರುವ ಕೈಗಳೇ ಅದನ್ನು ಹೊರಬೇಕು. ಜನ ಸಿಗುವುದೇ ಕಷ್ಟವಾಗಿರುವಾಗ, ವಲಸೆ ನಿಯಮಗಳೂ ಬಿಗಿಯಾಗುತ್ತಿರುವಾಗ, ಎರಡನೆಯದೇ ಆಗುವ ಸಂಭವ ಹೆಚ್ಚು.

ಯಂತ್ರಗಳು ಬಂದು ಇದನ್ನು ಬಗೆಹರಿಸುತ್ತವೆ ಎನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಒಂದು ಕೋಳಿಯ ಎದೆಯಂತೆ ಇನ್ನೊಂದರದ್ದು ಇರುವುದಿಲ್ಲ. ಮೂಳೆಗೆ ಅಂಟಿದ ಮಾಂಸವನ್ನು ಚೂರೂ ಬಿಡದೆ ತೆಗೆಯುವುದರಲ್ಲಿ ಪಳಗಿದ ಕೈಯೇ ಈಗಲೂ ಮೇಲು, ಮತ್ತು ಆ ಚೂರಿನಲ್ಲೇ ಕಂಪನಿಯ ಲಾಭ ಇರುವುದು. ಯಂತ್ರ ಸುಲಭದ ಕೆಲಸವನ್ನು ತೆಗೆದುಕೊಂಡು ಕಷ್ಟದ್ದನ್ನು ಮನುಷ್ಯರಿಗೆ ಬಿಡುತ್ತದೆ, ಅದೂ ತನ್ನ ವೇಗಕ್ಕೆ.

ಹಾನಿ ತಕ್ಷಣ ಕಾಣುವುದೂ ಇಲ್ಲ. ಬೆರಳು ತುಂಡಾದರೆ ಆ ದಿನವೇ ಗೊತ್ತಾಗುತ್ತದೆ. ಮಣಿಕಟ್ಟು ಕೆಡಲು ತಿಂಗಳು, ವರ್ಷ ಬೇಕು. ಅಷ್ಟರಲ್ಲಿ ಆ ಕೆಲಸಗಾರರು ಬೇರೆ ಕಾರ್ಖಾನೆಯಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ, ಚಿಕಿತ್ಸೆಯ ಖರ್ಚು ಅವರ ಮನೆಯದ್ದು. ಮಾಹಿತಿ ಕೊಡುವ ಷರತ್ತೂ ಹೋಗಿರುವುದರಿಂದ, 2025ರ ಅಧ್ಯಯನಗಳನ್ನು ಇನ್ನು ಹತ್ತು ವರ್ಷದ ನಂತರ ಮತ್ತೆ ಮಾಡಲು ಹೊರಟವರಿಗೆ ಹೋಲಿಸಿ ನೋಡಲು ಬೇಕಾದ ದಾಖಲೆ ಕಡಿಮೆ ಇರುತ್ತದೆ.

ಹೊಸ ನಿಯಮದ ಅಂತಿಮ ಪಠ್ಯ ಬಂದಾಗ 140, 175 ಎಂಬ ಸಂಖ್ಯೆಗಳ ಮೇಲೆಯೇ ಎಲ್ಲರ ಕಣ್ಣು ಬೀಳುತ್ತದೆ. ನೋಡಬೇಕಾದದ್ದು ಬೇರೆ: ಆ ವೇಗಕ್ಕೆ ಮೂಳೆ ಬಿಡಿಸುವ ಹಾಲ್‌ನಲ್ಲಿ ಕನಿಷ್ಠ ಎಷ್ಟು ಜನ ನಿಂತಿರಬೇಕು, ಒಬ್ಬರು ಬರದಿದ್ದ ದಿನ ಲೈನ್ ನಿಧಾನ ಮಾಡುವ ಅಧಿಕಾರ ಯಾರಿಗೆ ಇದೆ, ಮತ್ತು ಅದನ್ನು ಯಾವ ಇಲಾಖೆ ಹೋಗಿ ಪರಿಶೀಲಿಸುತ್ತದೆ.